ಹಳೇ ಪಾತ್ರೆಗೆ ಬಣ್ಣ: ಯಾವುದಕ್ಕೆ ಬಳಿಯೋಣ, ಯಾವುದನ್ನು ಹಾಗೇ ಬಿಡೋಣ

ಹೋದ ಬೇಸಿಗೆಯಲ್ಲಿ ಸಾಗರದ ಹತ್ತಿರದ ಅಜ್ಜಿ ಮನೆಗೆ ಹಂಚು ಬದಲಿಸುವ ಕೆಲಸ ಶುರುವಾಯಿತು. ಅದಕ್ಕೆ ಅಟ್ಟ ಖಾಲಿ ಮಾಡಬೇಕಾಯಿತು. ಇಳಿದದ್ದು ಮುಕ್ಕಾಲು ಪಾಲು ಪಾತ್ರೆಗಳೇ. ತಳ ಕಪ್ಪಾದ ಎರಡು ಅಲ್ಯುಮಿನಿಯಂ ಬೋಗುಣಿ, ಹಾಲಿನ ಕ್ಯಾನು, ಕಬ್ಬಿಣದ ಕಾವಲಿ, ಪಡ್ಡಿನ ಹಂಚು, ಕಲಾಯಿ ಹೋದ ಹಿತ್ತಾಳೆ ಕೊಳದಪ್ಪಲೆ, ತಾಮ್ರದ ತಂಬಿಗೆ, ಅಂಚು ಒಡೆದ ಎನಾಮೆಲ್ ತಟ್ಟೆ, ನಾಲ್ಕು ಮಡಕೆ, ಸೋರುವ ತಗಡಿನ ಬಕೆಟ್ಟು. "ಎಲ್ಲ ಗುಜರಿಗೆ ಹಾಕಿ" ಅಂದರು ಮಾವ. "ಇದರಲ್ಲಿ ಉಂಡು ಬೆಳೆದಿದ್ದೀವಿ, ಹಾಗೆಲ್ಲ ಕೊಡೋಕಾಗಲ್ಲ" ಅಂದರು ಅಮ್ಮ. ಕೊನೆಗೆ ಅಷ್ಟೂ ನನ್ನ ಪಾಲಿಗೆ ಬಂತು.

ಬೆಂಗಳೂರಿನ ನಮ್ಮ ಅಡುಗೆಮನೆಯಲ್ಲಿ ಒಂದು ಉದ್ದ ಗೋಡೆ ಖಾಲಿ ಇತ್ತು. ಪಾತ್ರೆಗಳಿಗೆ ಬಣ್ಣ ಬಳಿದು ಅಲ್ಲಿ ತೂಗುಹಾಕೋಣ ಅಂತ ಶುರು ಮಾಡಿದೆ. ಕೆಲವು ಇವತ್ತಿಗೂ ಹೊಸದರ ಹಾಗಿವೆ. ಕೆಲವದರ ಬಣ್ಣ ಮೂರು ತಿಂಗಳಿಗೇ ಸಿಪ್ಪೆ ಎದ್ದಿತು. ಒಂದಕ್ಕಂತೂ ಬಳಿಯಲೇಬಾರದಿತ್ತು. ನಿಮ್ಮ ಅಟ್ಟದಲ್ಲೂ ಇಂಥದೇ ಪಾತ್ರೆಗಳು ಇರಬಹುದು ಅಲ್ವಾ? ನಾನು ಎಡವಿದ ಕಡೆ ನೀವು ಎಡವಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಹೆಚ್ಚಿನವರು ಮೊದಲು ಬಣ್ಣದ ಅಂಗಡಿಗೆ ಹೋಗುತ್ತಾರೆ. ನಾನೂ ಹಾಗೇ ಮಾಡಿದೆ. ಆದರೆ ಪಾತ್ರೆ ಯಾವುದರದ್ದು ಅಂತ ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಯಾವ ಬಣ್ಣ, ಯಾವ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ಅಡಿಪದರ), ಎಷ್ಟು ಉಜ್ಜಬೇಕು, ಎಲ್ಲವೂ ಅದರ ಮೇಲೇ ನಿಂತಿದೆ. ಬಳಿಯಬೇಕಾ ಬೇಡವಾ ಅನ್ನುವುದೂ ಅಷ್ಟೇ.

ಮೊದಲು, ಬಳಿಯಬಾರದವು

ಹಿತ್ತಾಳೆ, ತಾಮ್ರ, ಕಂಚು. ಈ ಮೂರಕ್ಕೆ ದಯವಿಟ್ಟು ಬಣ್ಣ ಹಾಕಬೇಡಿ.

ತಾಮ್ರದ ತಂಬಿಗೆಗೆ ನಾನು ನೀಲಿ ಎನಾಮೆಲ್ ಎಣ್ಣೆ ಬಣ್ಣ ಬಳಿದು ಮೇಲೆ ಬಿಳಿ ಹೂವು ಬರೆದೆ. ನೋಡಲು ಚೆನ್ನಾಗಿಯೇ ಇತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಕುತ್ತಿಗೆಯ ಹತ್ತಿರ ಬಣ್ಣ ಉಬ್ಬಿತು. ಉಗುರಿನಿಂದ ಎಳೆದರೆ ಹಾಳೆಯ ಹಾಗೆ ಬಂತು. ಒಳಗೆ ತಾಮ್ರ ಕಪ್ಪಾಗಿತ್ತು. ಬಣ್ಣ ತೆಗೆಯುವ ದ್ರಾವಣ ಹಾಕಿ ಎರಡು ದಿನ ಉಜ್ಜಿದೆ. ಕಂಠದ ಸಣ್ಣ ಕೆತ್ತನೆಯ ಸಂದಿಯಲ್ಲಿ ಇನ್ನೂ ನೀಲಿ ಉಳಿದಿದೆ. ಅಜ್ಜಿ ದಿನಾ ಬೆಳಿಗ್ಗೆ ಹುಣಸೆಹಣ್ಣು ಹಾಕಿ ಬೆಳಗುತ್ತಿದ್ದ ತಂಬಿಗೆ ಅದು. ಈಗಲೂ ಅದನ್ನು ನೋಡಿದರೆ ಮನಸ್ಸಿಗೆ ಕಷ್ಟವಾಗುತ್ತದೆ.

ಕಾರಣ ಇಷ್ಟೇ. ಬೆಳಗಿದ ತಾಮ್ರ, ಹಿತ್ತಾಳೆ ತುಂಬ ನುಣುಪು. ಬಣ್ಣಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಜೊತೆಗೆ ಈ ಲೋಹಗಳು ಗಾಳಿಗೆ, ತೇವಕ್ಕೆ ಬಣ್ಣ ಬದಲಿಸುತ್ತಲೇ ಇರುತ್ತವೆ. ಎರಡರ ನಡುವೆ ಸಿಕ್ಕಿಕೊಂಡು ಬಣ್ಣ ಬಿಟ್ಟುಬರುತ್ತದೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಕಂಚು ಅಂದರೆ ತಾಮ್ರ ಮತ್ತು ತವರ. ಮೂರರಲ್ಲೂ ತಾಮ್ರವೇ ಜಾಸ್ತಿ, ಹಾಗಾಗಿ ಸ್ವಭಾವವೂ ಒಂದೇ ಥರ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಇವಕ್ಕೆ ಬಣ್ಣ ಬೇಕಾಗಿಯೇ ಇಲ್ಲ. ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಸೇರಿಸಿ ಉಜ್ಜಿ, ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ ಗೋಡೆಯ ಮೇಲಿಡಿ. ಅದರ ಮುಂದೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಕೊಳದಪ್ಪಲೆಗೆ ಕಲಾಯಿ ಹಾಕಿಸಿದರೆ ಮತ್ತೆ ಸಾರು ಮಾಡಬಹುದು. ಕಲಾಯಿ ಅಂದರೆ ಒಳಗೆ ತವರದ ತೆಳು ಪದರ. ಅದು ಹೋದರೆ ಹುಳಿ ಪದಾರ್ಥ ಹಿತ್ತಾಳೆಗೆ ನೇರವಾಗಿ ತಾಗುತ್ತದೆ. ಕಲಾಯಿ ಹಾಕುವವರು ಈಗ ಕಡಿಮೆಯಾಗಿದ್ದಾರೆ, ನಿಜ. ಆದರೆ ಜಾತ್ರೆ, ಸಂತೆ ಕಡೆ ವಿಚಾರಿಸಿದರೆ ಸಿಗುತ್ತಾರೆ. ನಾನು ಹಾಗೆ ಹುಡುಕಿ ಹಾಕಿಸಿಕೊಂಡೆ.

ಎರಕದ ಕಬ್ಬಿಣದ ಕಾವಲಿ ಮತ್ತು ಪಡ್ಡಿನ ಹಂಚಿನ ವಿಷಯದಲ್ಲೂ ಒಂದು ನಿಮಿಷ ಯೋಚಿಸಿ. ತುಕ್ಕು ಹಿಡಿದಿದೆ ಅಂದ ಮಾತ್ರಕ್ಕೆ ಹಾಳಾಗಿದೆ ಅಂತಲ್ಲ. ತುಕ್ಕು ಉಜ್ಜಿ, ತೊಳೆದು, ಒಲೆಯ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಕಾಯಿಸಿ. ನಾಲ್ಕೈದು ಸಲ ಹೀಗೆ ಮಾಡಿದರೆ ಮತ್ತೆ ದೋಸೆ ಏಳುತ್ತದೆ. ಅಜ್ಜಿಯ ಕಾವಲಿ ಹೀಗೇ ಬದುಕಿತು. ಬಿರುಕು ಬಿಟ್ಟಿದ್ದರೆ, ಒಂದು ಕಿವಿ ಮುರಿದಿದ್ದರೆ ಮಾತ್ರ ಬಣ್ಣಕ್ಕೆ ತೆಗೆದುಕೊಳ್ಳಿ.

ಬಣ್ಣಕ್ಕೆ ಒಗ್ಗುವವು

ನನ್ನ ಮೊದಲ ಆಯ್ಕೆ ಅಲ್ಯುಮಿನಿಯಂ. ಉತ್ತರ ಕರ್ನಾಟಕದ ಕಡೆ ಜರ್ಮನ್ ಪಾತ್ರೆ ಅನ್ನುತ್ತಾರಲ್ಲ, ಅದೇ. ಹಿಂಡಾಲಿಯಂ ಕೂಡ ಇದೇ ಜಾತಿ. ಹಗುರ, ಆದ್ದರಿಂದ ಗೋಡೆಗೆ ಭಾರವಿಲ್ಲ. ಗುಜರಿಯಲ್ಲಿ ಹಿತ್ತಾಳೆಯಷ್ಟು ಬೆಲೆಯೂ ಇಲ್ಲ. ಸೊಟ್ಟಗಾದ, ತೂತಾದ ಪಾತ್ರೆ ಹೇಗೂ ಅಡುಗೆಗೆ ಬರುವುದಿಲ್ಲ. ಬಣ್ಣ ಬಳಿದರೆ ಏನನ್ನೂ ಕಳೆದುಕೊಳ್ಳುವುದಿಲ್ಲ.

ಆದರೆ ತಯಾರಿ ಬೇಕು. ಅಲ್ಯುಮಿನಿಯಂ ಮೇಲೆ ಯಾವಾಗಲೂ ಕಣ್ಣಿಗೆ ಕಾಣದ ಒಂದು ಆಕ್ಸೈಡ್ ಪದರ ಇರುತ್ತದೆ. ಅದರ ಮೇಲೆ ವರ್ಷಗಳ ಎಣ್ಣೆ ಜಿಡ್ಡು. ಮೊದಲು ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ತೊಳೆಯಿರಿ. ಕಪ್ಪು ಕಲೆಗೆ ನಿಂಬೆ ಸಿಪ್ಪೆ ಅಥವಾ ಹುಣಸೆ ನೀರು ಸಾಕು. ವಾಷಿಂಗ್ ಸೋಡ ಮಾತ್ರ ಇದಕ್ಕೆ ಹಾಕಬೇಡಿ. ಕ್ಷಾರ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ, ಪಾತ್ರೆ ಇನ್ನಷ್ಟು ಕಪ್ಪಾಗುತ್ತದೆ. ಆಮೇಲೆ 220 ನಂಬರಿನ ಎಮರಿ ಪೇಪರಿನಲ್ಲಿ ಹೊಳಪು ಹೋಗುವವರೆಗೂ ಉಜ್ಜಿ. ಒದ್ದೆ ಬಟ್ಟೆಯಲ್ಲಿ ಪುಡಿ ಒರೆಸಿ, ಒಣಗಿಸಿ, ಪ್ರೈಮರ್ ಹಾಕಿ. ಈ ಉಜ್ಜುವ ಕೆಲಸವನ್ನು ಒಂದು ಬೋಗುಣಿಗೆ ಮಾಡಿದೆ, ಇನ್ನೊಂದಕ್ಕೆ ಸುಮ್ನೆ ತೊಳೆದು ಬಳಿದೆ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕುರುಡರಿಗೂ ಬೆರಳಿಗೆ ಸಿಗುತ್ತದೆ.

ಅಲ್ಯುಮಿನಿಯಂಗೆ ಅಂತ ಕೆಲವು ಕಡೆ ಹಳದಿ ಬಣ್ಣದ ಜಿಂಕ್ ಕ್ರೋಮೇಟ್ ಪ್ರೈಮರ್ ಕೊಡುತ್ತಾರೆ. ಹಿಡಿತ ಚೆನ್ನಾಗಿರುತ್ತದೆ. ಆದರೆ ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರಬಲ್ಲ ಬಗೆಯದು. ಅಡುಗೆಮನೆಗೆ, ಮಕ್ಕಳಿರುವ ಮನೆಗೆ ಬೇಡ. ಚಿತ್ರಕಲೆಯ ಅಂಗಡಿಯಲ್ಲಿ ಸಿಗುವ ಜೆಸ್ಸೋ ಅನ್ನುವ ಬಿಳಿ ಪ್ರೈಮರ್ ಎರಡು ಕೋಟ್ ಹಾಕಿದರೆ ಗೋಡೆಯ ಮೇಲೆ ಇಡುವ ಪಾತ್ರೆಗೆ ಸಾಕು.

ಎರಡನೆಯದು ಕೋಟಿಂಗ್ ಹೋದ ನಾನ್‌ಸ್ಟಿಕ್ ತವಾ. ಇದು ಈಗ ಎಲ್ಲರ ಮನೆಯಲ್ಲೂ ಒಂದಾದರೂ ಇದೆ. ಅಡುಗೆಗೆ ಬೇಡ, ಬಿಸಾಡಲು ಮನಸ್ಸಿಲ್ಲ. ಇದರ ಒಳಮೈಗೆ ಬಣ್ಣ ಹಿಡಿಯುವುದೇ ಇಲ್ಲ, ಅದನ್ನು ಮಾಡಿರುವುದೇ ಏನೂ ಅಂಟದಿರಲಿ ಅಂತ. ಉಜ್ಜಿ ತೆಗೆಯೋಣ ಅಂದರೆ ಆ ಪುಡಿ ಮೂಗಿಗೆ ಹೋಗುತ್ತದೆ. ಸುಟ್ಟು ತೆಗೆಯುವ ಯೋಚನೆಯನ್ನಂತೂ ಬಿಡಿ, ಜಾಸ್ತಿ ಕಾದರೆ ಅದರಿಂದ ಬರುವ ಹೊಗೆ ಒಳ್ಳೆಯದಲ್ಲ, ಮನೆಯಲ್ಲಿ ಸಾಕಿದ ಹಕ್ಕಿಗಳು ಅದರಿಂದ ಸಾಯುತ್ತವೆ. ತಿರುಗಿಸಿ ಹಿಂಭಾಗಕ್ಕೆ ಬಳಿಯಿರಿ. ಅದು ಅಲ್ಯುಮಿನಿಯಂ, ಇಲ್ಲವೇ ಅದರ ಮೇಲೊಂದು ಬಣ್ಣದ ಕೋಟ್. ತೆಳುವಾಗಿ ಉಜ್ಜಿದರೆ ಸಾಕು. ಗುಂಡಗಿನ, ಚಪ್ಪಟೆ ಜಾಗ, ತೂಗುಹಾಕಲು ಹಿಡಿಯಲ್ಲೇ ತೂತು. ಮೊದಲ ಸಲ ಬಣ್ಣ ಹಿಡಿಯುವವರಿಗೆ ನಾನು ಹೇಳುವುದು ಇದನ್ನೇ.

ತಗಡಿನ ಬಕೆಟ್ಟಿನ ಕಥೆ ಬೇರೆ. ಅಂಗಡಿಯೊಂದರಲ್ಲಿ ಕೇಳಿದಾಗ "ಲೋಹ ಅಂದರೆ ಎನಾಮೆಲ್ಲೇ" ಅಂದರು. ಕೆಂಪು ಎನಾಮೆಲ್ ತಂದು ನೇರವಾಗಿ ಬಳಿದೆ. ಐದು ತಿಂಗಳಿಗೆ ಅಂಗೈ ಅಗಲದ ಚಕ್ಕೆಗಳು ಬಿದ್ದವು. ಆಮೇಲೆ ತಿಳಿಯಿತು. ತಗಡಿನ ಮೇಲೆ ತುಕ್ಕು ಹಿಡಿಯದ ಹಾಗೆ ಸತುವಿನ ಲೇಪ ಇರುತ್ತದೆ. ಎನಾಮೆಲ್ ಬಣ್ಣದಲ್ಲಿರುವ ಎಣ್ಣೆಯ ಅಂಶ ಸತುವಿನ ಜೊತೆ ಸೇರಿ ಸೋಪಿನಂಥ ಒಂದು ಪದರ ಆಗುತ್ತದೆ. ಬಣ್ಣ ಆ ಸೋಪಿನ ಮೇಲೆ ಕೂತಿರುತ್ತದೆ, ಲೋಹದ ಮೇಲಲ್ಲ. ಜಾರದೆ ಏನು ಮಾಡೀತು? ಎಲ್ಲ ಕೆರೆದು, ವಿನೆಗರ್‌ನಲ್ಲಿ ಒರೆಸಿ, ತೊಳೆದು, ಅಕ್ರಿಲಿಕ್, ಅಂದರೆ ನೀರಿನಲ್ಲಿ ಕಲಸುವ ಬಣ್ಣ ಹಾಕಿದೆ. ಗಟ್ಟಿಯಾಗಿ ನಿಂತಿದೆ. ಆದ್ದರಿಂದ ಸತು ಲೇಪದ ತಗಡಿಗೆ, ಅದು ಬಕೆಟ್ ಇರಲಿ, ಧಾನ್ಯದ ಡಬ್ಬ ಇರಲಿ, ನೀರಿನ ಬಣ್ಣವೇ ಸರಿ.

ಎನಾಮೆಲ್ ತಟ್ಟೆಯ ಮೈ ಗಾಜಿನಂಥದ್ದು. ಇಡೀ ತಟ್ಟೆಗೆ ಬಳಿದರೆ ನಿಲ್ಲುವುದು ಕಷ್ಟ. ಅದರ ಬಿಳಿಯೇ ಚಂದ, ನೀಲಿ ಅಂಚೇ ಚಂದ. ನಾನು ಒಡೆದ ಜಾಗದ ತುಕ್ಕನ್ನು ಉಜ್ಜಿ, ಅಲ್ಲಿ ಮಾತ್ರ ಒಂದೊಂದು ಎಲೆ ಬರೆದೆ. ಸ್ಟೀಲ್ ಪಾತ್ರೆಗೆ ನನ್ನ ಸಲಹೆ ಬೇಡ ಅಂತಲೇ. ಬಣ್ಣ ಹಿಡಿಯುವುದು ಕಷ್ಟ, ಮೇಲಾಗಿ ಒಳ್ಳೇ ಸ್ಟೀಲ್ ಪಾತ್ರೆ ಯಾರ ಮನೆಯಲ್ಲಾದರೂ ಉಪಯೋಗಕ್ಕೆ ಬರುತ್ತದೆ.

ಮಡಕೆ

ಮಣ್ಣಿನ ಪಾತ್ರೆ ಬಣ್ಣ ಕುಡಿಯುತ್ತದೆ. ಹಾಗಾಗಿ ಹಿಡಿತದ ಚಿಂತೆ ಇಲ್ಲ. ಚಿಂತೆ ಇರುವುದು ಒಳಗೆ ಕುಳಿತಿರುವ ತೇವ ಮತ್ತು ಉಪ್ಪಿನದು. ಹಳೇ ಮಡಕೆ ವರ್ಷಗಟ್ಟಲೆ ಸಾರು, ಮೀನು, ಉಪ್ಪಿನಕಾಯಿ ಕಂಡಿರುತ್ತದೆ. ತೇವ ಹೊರಗೆ ಬರುವಾಗ ಉಪ್ಪನ್ನೂ ತರುತ್ತದೆ. ಬಣ್ಣದ ಕೆಳಗೆ ಬಿಳಿ ಪುಡಿ ಕಟ್ಟುತ್ತದೆ, ಬಣ್ಣ ಮೇಲೇಳುತ್ತದೆ. ನೀರಿನಲ್ಲಿ ಒಂದು ದಿನ ನೆನೆಸಿಡಿ, ನೀರು ಎರಡು ಮೂರು ಸಲ ಬದಲಿಸಿ. ಆಮೇಲೆ ನಾಲ್ಕೈದು ದಿನ ಒಳ್ಳೇ ಬಿಸಿಲು. ಮಲೆನಾಡು, ಕರಾವಳಿಯವರು ಈ ಕೆಲಸವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈಗೆತ್ತಿಕೊಳ್ಳದಿರುವುದೇ ಒಳ್ಳೆಯದು.

ಬಣ್ಣ ಬಳಿದ ಮಡಕೆಯೊಳಗೆ ಗಿಡ ನೆಡುವ ಆಸೆ ಇದ್ದರೆ, ಗಿಡವನ್ನು ಬೇರೆ ಪ್ಲಾಸ್ಟಿಕ್ ಕುಂಡದಲ್ಲಿಟ್ಟು ಒಳಗಿಡಿ. ಒಳಗಿನ ನೀರು ಹೊರಮೈಗೆ ಬಂದು ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ.

ನಮ್ಮ ಮಣ್ಣಿನ ಬಣ್ಣಗಳು ಹೊಂದುವುದೂ ಮಡಕೆಗೇ. ಕೆಮ್ಮಣ್ಣನ್ನು ನುಣ್ಣಗೆ ಸೋಸಿ, ನೀರಿನಲ್ಲಿ ಕದಡಿ, ಸ್ವಲ್ಪ ಗೋಂದು ಸೇರಿಸಿ ಬಳಿದರೆ ಅದರ ಕೆಂಪು ಯಾವ ಟ್ಯೂಬಿನಲ್ಲೂ ಸಿಗುವುದಿಲ್ಲ. ಅಕ್ಕಿ ಹಿಟ್ಟಿನ ಬಿಳಿಯೂ ಹಾಗೇ. ಆದರೆ ಅಕ್ಕಿ ಹಿಟ್ಟಿಗೆ ತೇವ ತಾಗಿದರೆ ಬೂಷ್ಟು ಬರುತ್ತದೆ, ಜಿರಳೆ ಬರುತ್ತದೆ. ಅಡುಗೆಮನೆಯಲ್ಲಿ ಇಡುವುದಾದರೆ ಮೇಲೆ ವಾರ್ನಿಶ್ ಬೇಕೇ ಬೇಕು. ಲೋಹದ ಪಾತ್ರೆಗೆ ಮಣ್ಣಿನ ಬಣ್ಣ ಬೇಡ, ಒಣಗಿದ ಮೇಲೆ ಉದುರುತ್ತದೆ.

ಅಕ್ರಿಲಿಕ್, ಎನಾಮೆಲ್, ಸ್ಪ್ರೇ

ಈಗ ಬಣ್ಣಕ್ಕೆ ಬರೋಣ. ಬಹುತೇಕ ಜನರ ಮುಂದಿರುವ ಪ್ರಶ್ನೆ ಅಕ್ರಿಲಿಕ್ಕಾ, ಎನಾಮೆಲ್ಲಾ ಅನ್ನುವುದು. ಎರಡರಲ್ಲೂ ಪಾತ್ರೆಗಳನ್ನು ಮಾಡಿ ನೋಡಿದ್ದೇನೆ.

ಅಕ್ರಿಲಿಕ್ ನೀರಿನ ಬಣ್ಣ. ಫೆವಿಕ್ರಿಲ್‌ನ 15 ಮಿಲಿ ಸಣ್ಣ ಬಾಟಲಿಗಳು ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತವೆ. ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ಅರ್ಧ ಗಂಟೆಯೊಳಗೆ ಮುಟ್ಟುವಷ್ಟು ಒಣಗುತ್ತದೆ. ಬ್ರಷ್ ನೀರಿನಲ್ಲೇ ತೊಳೆಯಬಹುದು. ಸಣ್ಣ ಗೆರೆ, ಚುಕ್ಕಿ, ಎಲೆ, ಬಳ್ಳಿ ಎಲ್ಲಕ್ಕೂ ಕೈಗೆ ಹೇಳಿದ ಹಾಗೆ ಬರುತ್ತದೆ. ತಪ್ಪಾದರೆ ಒಣಗುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಕೊರತೆ ಅಂದರೆ, ಇದಕ್ಕೆ ಬರಿಯ ಲೋಹ ಹಿಡಿಸುವುದಿಲ್ಲ, ಕೆಳಗೆ ಪ್ರೈಮರ್ ಇರಬೇಕು. ಒಲೆಯ ಬಿಸಿ ತಾಗಿದರೆ ಮೈ ಸ್ವಲ್ಪ ಅಂಟಂಟಾಗುತ್ತದೆ, ಧೂಳು ಹಿಡಿಯುತ್ತದೆ. ಮೇಲೆ ವಾರ್ನಿಶ್ ಹಾಕದೆ ಅಡುಗೆಮನೆಯಲ್ಲಿ ಇಡಬಾರದು.

ಎನಾಮೆಲ್ ಎಣ್ಣೆ ಬಣ್ಣ, ಗೇಟಿಗೆ, ಕಿಟಕಿ ಸರಳಿಗೆ ಹೊಡೆಯುವುದು. ಗಟ್ಟಿ, ಹೊಳಪು, ಒದ್ದೆ ಬಟ್ಟೆಯಲ್ಲಿ ಎಷ್ಟು ಸಲ ಒರೆಸಿದರೂ ಜಗ್ಗುವುದಿಲ್ಲ. ಒಗ್ಗರಣೆಯ ಜಿಡ್ಡನ್ನು ಸೋಪು ನೀರಿನಲ್ಲಿ ತೆಗೆಯಬಹುದು. ಆದರೆ ಒಂದು ಕೋಟ್ ಒಣಗಲು ಒಂದು ದಿನ ಕಾಯಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ವಾಸನೆ ಎರಡು ಮೂರು ದಿನ ಮನೆಯೊಳಗೆ ನಿಲ್ಲುತ್ತದೆ. ತೆಳುಮಾಡಲು, ಬ್ರಷ್ ತೊಳೆಯಲು ಟರ್ಪೆಂಟೈನ್ ಅಥವಾ ಥಿನ್ನರ್ ಬೇಕು. ಅದು ಬೇಗ ಬೆಂಕಿ ಹಿಡಿಯುವಂಥದ್ದು. ಸಣ್ಣ ಗೆರೆ ಎಳೆಯಲು ಹೋದರೆ ಹರಡಿಕೊಳ್ಳುತ್ತದೆ. ಬಿಳಿ ಎನಾಮೆಲ್ ಬೆಳಕು ಕಡಿಮೆ ಇರುವ ಮೂಲೆಯಲ್ಲಿ ಒಂದೆರಡು ವರ್ಷಕ್ಕೆ ಹಳದಿ ಬೀಳುತ್ತದೆ.

ನನ್ನ ಮಟ್ಟಿಗೆ ತೀರ್ಮಾನ ಹೀಗೆ. ಪಾತ್ರೆಯ ಮೇಲೆ ಚಿತ್ರ ಬರೆಯುವುದಾದರೆ ಅಕ್ರಿಲಿಕ್. ಒಂದೇ ಬಣ್ಣ ಬಳಿದು, ಚಮಚ, ಸೌಟು ಸಿಕ್ಕಿಸಿಡುವ ಡಬ್ಬದ ಹಾಗೆ ದಿನಾ ಕೈ ತಾಗುವ ವಸ್ತುವಾದರೆ ಎನಾಮೆಲ್. ಹಾಲಿನ ಕ್ಯಾನಿಗೆ ಎನಾಮೆಲ್ ಹಾಕಿದೆ, ಬಾಗಿಲ ಬಳಿ ಛತ್ರಿ ಇಡಲು ಅದನ್ನೇ ಬಳಸುತ್ತಿದ್ದೇವೆ. ಮಕ್ಕಳು ಬಡಿದರೂ ಒಂದು ಗೀರೂ ಬಿದ್ದಿಲ್ಲ.

ಎರಡನ್ನೂ ಒಟ್ಟಿಗೆ ಬಳಸುವವರು ಒಂದು ಮಾತು ನೆನಪಿಡಿ. ಒಣಗಿದ ಅಕ್ರಿಲಿಕ್ ಮೇಲೆ ಎನಾಮೆಲ್ ಹಾಕಬಹುದು. ಹೊಳೆಯುವ ಎನಾಮೆಲ್ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಹಾಕಲೇಬೇಕಾದರೆ 400 ನಂಬರಿನ ಪೇಪರಿನಲ್ಲಿ ಹೊಳಪು ಪೂರ್ತಿ ತೆಗೆದು ಹಾಕಿ.

ಸ್ಪ್ರೇ ಡಬ್ಬಿ ಒಂದು ಜಾಗದಲ್ಲಿ ಎಲ್ಲರನ್ನೂ ಗೆಲ್ಲುತ್ತದೆ. ತೂತು ತೂತಿನ ವಸ್ತುಗಳು. ಇಡ್ಲಿ ತಟ್ಟೆ, ಜರಡಿ, ಕಾಯಿ ತುರಿಯುವ ಮಣೆಯ ಹಲ್ಲು, ಚಕ್ಕುಲಿ ಒರಳಿನ ಬಿಲ್ಲೆ. ಇವಕ್ಕೆ ಬ್ರಷ್ ಹಿಡಿದರೆ ತೂತೆಲ್ಲ ಮುಚ್ಚಿಹೋಗುತ್ತದೆ. ಸ್ಪ್ರೇಯಲ್ಲಿ ಒಂದಡಿ ದೂರದಿಂದ ತೆಳ್ಳಗೆ ಮೂರು ಸಲ ಹೊಡೆದರೆ ಸಾಕು. ಒಂದೇ ಸಲ ದಪ್ಪಗೆ ಹೊಡೆದರೆ ಕಣ್ಣೀರಿನ ಹಾಗೆ ಇಳಿಯುತ್ತದೆ. ಮಹಡಿಯ ಮೇಲೆ, ಗಾಳಿಯಾಡುವ ಕಡೆ, ಮೂಗಿಗೆ ಮಾಸ್ಕ್ ಹಾಕಿಕೊಂಡು ಮಾಡಿ. ಡಬ್ಬಿಯಲ್ಲಿರುವ ಅನಿಲ ಬೆಂಕಿ ಹಿಡಿಯುತ್ತದೆ. ಒಲೆಯ ಹತ್ತಿರವಿರಲಿ, ದೇವರ ದೀಪ ಉರಿಯುವ ಕೋಣೆಯಲ್ಲೂ ಬೇಡ.

ಚಾಕ್ ಪೇಂಟ್ ಈಗ ಜೋರಾಗಿದೆ. ಮಂಕಾದ, ಹಳೇ ಕಾಲದ ನೋಟ ಕೊಡುತ್ತದೆ, ಜಾಸ್ತಿ ಉಜ್ಜುವುದೂ ಬೇಡ. ಆದರೆ ಮೈ ತೆರೆದಿರುತ್ತದೆ, ಎಣ್ಣೆ ಹೀರಿಕೊಳ್ಳುತ್ತದೆ. ನಮ್ಮ ಒಗ್ಗರಣೆಯ ಅಡುಗೆಮನೆಗೆ ಹೊಂದುವುದಿಲ್ಲ. ನಡುಮನೆಯಲ್ಲಿ ಇಡುವ ಪಾತ್ರೆಗಾದರೆ ಸರಿ.

ಮನೆಯಲ್ಲಿ ಹಳೇ ಬಣ್ಣದ ಡಬ್ಬ ಉಳಿದಿದ್ದರೆ ಅದನ್ನೇ ಬಳಸೋಣ ಅನ್ನಿಸುತ್ತದೆ. ತಡೆಯಿರಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಎನಾಮೆಲ್‌ನಲ್ಲಿ, ಅದರಲ್ಲೂ ಹಳದಿ, ಕೆಂಪು, ಕಿತ್ತಳೆಯಲ್ಲಿ ಸೀಸ ಜಾಸ್ತಿ ಇರಬಹುದು. ಹೊಸ ಡಬ್ಬದ ಮೇಲೆ ಸೀಸದ ಬಗ್ಗೆ ಬರೆದಿರುವುದನ್ನು ಓದಿ ಕೊಳ್ಳಿ. ಮೊದಲೇ ಬಣ್ಣ ಬಳಿದಿರುವ ಹಳೇ ಡಬ್ಬಿ, ಪೆಟ್ಟಿಗೆಯನ್ನು ಒಣಗಿದ್ದಾಗ ಉಜ್ಜಬೇಡಿ. ನೀರು ಹಾಕಿಕೊಂಡು ಉಜ್ಜಿ, ಪುಡಿ ಹಾರುವುದಿಲ್ಲ.

ಏನು ಬರೆಯುವುದು?

ಪಾತ್ರೆಯ ಮೇಲೆ ಗುಲಾಬಿ ಹೂವು, ಚಿಟ್ಟೆ ಬರೆಯುವುದರಲ್ಲಿ ತಪ್ಪಿಲ್ಲ. ಆದರೆ ನನ್ನ ಅಜ್ಜಿ ಊರಿನ ಕಡೆ ಇದಕ್ಕಿಂತ ಹತ್ತಿರದ್ದೊಂದು ಇತ್ತು.

ಮಲೆನಾಡಿನ ದೀವರು ಸಮುದಾಯದ ಮನೆಗಳಲ್ಲಿ ಹೆಂಗಸರು ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ ಗೆರೆ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬ್ರಷ್ ಅಂದರೆ ಪುಂಡಿ ನಾರು. ಗೆರೆಗಳು ಎಷ್ಟು ನೇರ ಅಂದರೆ ನೋಡಿದವರಿಗೆ ಅಳತೆಕೋಲು ಇಟ್ಟಿದ್ದಾರೆ ಅನ್ನಿಸಬೇಕು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ ಇರುತ್ತದೆ. ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಒಣಗಿಸಿ, ಅದರ ಮೇಲೆ ಬರೆಯುತ್ತಾರೆ. ಊಟ ಒಯ್ಯುವ ವಸ್ತುವಿಗೆ ಚಿತ್ರ ಬರೆಯುವುದು ನಮ್ಮಲ್ಲಿ ಹೊಸದೇನಲ್ಲ ಅಂತ ಅನ್ನಿಸಿದ್ದು ಅದನ್ನು ನೆನೆದಾಗ.

ಕಿವಿ ಮುರಿದ ಇನ್ನೊಂದು ಕಬ್ಬಿಣದ ಬಾಣಲೆ ನನ್ನ ಹತ್ತಿರ ಇತ್ತು. ಅದಕ್ಕೆ ವಾಷಿಂಗ್ ಸೋಡ ಹಾಕಿ ಕುದಿಸಿ ಎಣ್ಣೆಯ ಪದರ ತೆಗೆದೆ, ತುಕ್ಕು ಉಜ್ಜಿದೆ, ರೆಡ್ ಆಕ್ಸೈಡ್ ಪ್ರೈಮರ್ ಹಾಕಿದೆ. ಪ್ರೈಮರ್ ಒಣಗಿದಾಗ ನಿಂತು ನೋಡಿದೆ. ಅಜ್ಜಿ ಮನೆಯ ಗೋಡೆಯ ಬಣ್ಣವೇ ಅದು! ಆಮೇಲೆ ಯೋಚಿಸಿದರೆ ಸಹಜವೇ. ಕೆಮ್ಮಣ್ಣನ್ನು ಕೆಂಪು ಮಾಡಿರುವುದು ಕಬ್ಬಿಣದ ಆಕ್ಸೈಡ್. ರೆಡ್ ಆಕ್ಸೈಡ್‌ನಲ್ಲಿ ಇರುವುದೂ ಅದೇ. ಅದರ ಮೇಲೆ ಬೇರೆ ಬಣ್ಣ ಬಳಿಯುವ ಯೋಚನೆ ಅಲ್ಲಿಗೇ ಬಿಟ್ಟೆ. ಮೂರು ದಿನ ಒಣಗಲು ಬಿಟ್ಟು, ಮೇಲ್ಮೈ ಮಂಕಾಗಿದೆ ಅಂತ ಖಾತ್ರಿ ಮಾಡಿಕೊಂಡು, ಬಿಳಿ ಅಕ್ರಿಲಿಕ್‌ನಲ್ಲಿ ಭತ್ತದ ತೆನೆ, ತೇರು ಬರೆದೆ. ಅಷ್ಟೂ ಪಾತ್ರೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಅದೇ. ಅಲ್ಯುಮಿನಿಯಂ ಮೇಲೆ ಇದೇ ಬಣ್ಣ ಬೇಕಾದರೆ ಜೆಸ್ಸೋ ಮೇಲೆ ಇಂಡಿಯನ್ ರೆಡ್ ಅಥವಾ ಬರ್ನ್ಟ್ ಸಿಯೆನ್ನಾ ಅಕ್ರಿಲಿಕ್ ಹಾಕಿ.

ಚಿತ್ತಾರ ಬೇಡ ಅನ್ನುವವರಿಗೆ ಇನ್ನೆರಡು ದಾರಿ ಇವೆ. ಮಹಾರಾಷ್ಟ್ರದ ವಾರ್ಲಿ ಕಲಿಯಲು ಸುಲಭ. ವೃತ್ತ, ತ್ರಿಕೋನ, ಗೆರೆ ಬಂದರೆ ಮನುಷ್ಯರೂ ಬಂದರು, ಎತ್ತೂ ಬಂತು. ಗುಂಡಗಿನ ತವಾದ ಸುತ್ತ ಕುಣಿಯುವ ಸಾಲು ಬರೆದರೆ ತುಂಬ ಹೊಂದುತ್ತದೆ. ಮಕ್ಕಳ ಜೊತೆ ಕೂರುವುದಾದರೆ ಇದೇ ಇರಲಿ. ಕರಾವಳಿಯವರಿಗೆ ಕಾವಿ ಕಲೆ ಇದೆ. ಉತ್ತರ ಕನ್ನಡ ಮತ್ತು ಗೋವಾದ ಹಳೇ ದೇವಸ್ಥಾನ, ಮನೆಗಳ ಗೋಡೆಯಲ್ಲಿ ಕಾಣುವ ಕೆಂಪು ಬಿಳಿಯ ಚಿತ್ರ. ಅಲ್ಲಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಾಕಿ, ಹಸಿ ಇರುವಾಗಲೇ ಕೆರೆದು ಬಿಳಿ ತೋರಿಸುತ್ತಾರೆ. ಪಾತ್ರೆಯ ಮೇಲೆ ಆ ಕೆಲಸ ಮಾಡಬಹುದು. ಬಿಳಿ ಪ್ರೈಮರ್ ಗಟ್ಟಿಯಾಗಿ ಒಣಗಲಿ. ಮೇಲೆ ಕೆಂಪು ಅಕ್ರಿಲಿಕ್ ಹಾಕಿ, ಅದು ಪೂರ್ತಿ ಒಣಗುವ ಮೊದಲೇ ಬಿದಿರ ಕಡ್ಡಿಯಲ್ಲಿ ಕೆರೆಯಿರಿ. ಬ್ರಷ್ ಹಿಡಿದು ಕೈ ನಡುಗುವವರಿಗೆ ಇದು ಸುಲಭ ಅನ್ನಿಸಬಹುದು.

ಎಲ್ಲಿಂದ ಕಲಿತಿರೋ ಆ ಹೆಸರನ್ನು ನೋಡಲು ಬಂದವರಿಗೆ ಹೇಳಿ. ಸುಮ್ನೆ "ಟ್ರೈಬಲ್ ಆರ್ಟ್" ಅಂದುಬಿಟ್ಟರೆ ಆ ಗೆರೆಗಳನ್ನು ಇಷ್ಟು ತಲೆಮಾರು ಕಾಪಾಡಿದ ಹೆಂಗಸರು ಕಾಣದೇ ಹೋಗುತ್ತಾರೆ.

ವಾರ್ನಿಶ್, ಮೊಳೆ, ಜಾಗ

ಅಕ್ರಿಲಿಕ್ ಬರೆದ ಮೇಲೆ ಎರಡು ದಿನ ಬಿಟ್ಟು ನೀರಿನ ವಾರ್ನಿಶ್ ಎರಡು ಕೋಟ್ ಹಾಕಿ. ಹೊಳಪಿನದು, ಮಂಕಿನದು ಎರಡೂ ಸಿಗುತ್ತವೆ. ಚಿತ್ತಾರ, ವಾರ್ಲಿ, ಕಾವಿಗೆ ಮಂಕಿನದೇ ಚಂದ, ಮಣ್ಣಿನ ನೋಟ ಉಳಿಯುತ್ತದೆ. ಆದರೆ ಒಲೆ ಇರುವ ಗೋಡೆಯಾದರೆ ಹೊಳಪಿನದು ಹಾಕಿ. ಜಿಡ್ಡು ಒರೆಸಲು ಅದು ಸುಲಭ. ಒರೆಸುವಾಗ ಮೆತ್ತನೆ ಬಟ್ಟೆ, ಉಗುರು ಬೆಚ್ಚಗಿನ ನೀರು ಸಾಕು. ಸ್ಕ್ರಬ್ಬರ್ ಮುಟ್ಟಿಸಬೇಡಿ.

ಒಲೆಯ ನೇರ ಮೇಲೆ ಯಾವ ಪಾತ್ರೆಯನ್ನೂ ತೂಗುಹಾಕಬೇಡಿ. ಒಂದು, ಬಿಸಿಗೆ ಬಣ್ಣ ಹಾಳು. ಎರಡು, ಚಕ್ಕೆ ಉದುರಿದರೆ ನೇರ ಸಾರಿಗೆ. ಎದುರು ಗೋಡೆ, ಕಿಟಕಿಯ ಪಕ್ಕ, ಊಟದ ಮೇಜಿನ ಕಡೆ ಒಳ್ಳೆಯದು. ಅಲ್ಯುಮಿನಿಯಂ, ತವಾಗಳಿಗೆ ಸಾಮಾನ್ಯ ಮೊಳೆ ಸಾಕು. ಎರಕದ ಕಬ್ಬಿಣದ ಪಾತ್ರೆ ಎರಡು ಮೂರು ಕಿಲೋ ತೂಗುತ್ತದೆ. ಅದಕ್ಕೆ ಗೋಡೆ ಕೊರೆದು ಪ್ಲಗ್ ಹಾಕಿ, ಸ್ಕ್ರೂ ಬಿಗಿಯಬೇಕು. ಅಂಟು ಟೇಪು ನಂಬಿ ಕಬ್ಬಿಣ ತೂಗುಹಾಕಬೇಡಿ, ಕೆಳಗೆ ಮಕ್ಕಳು ಓಡಾಡುತ್ತಾರೆ.

ಇನ್ನೊಂದು ಕೆಲಸ ಉಳಿದಿದೆ, ಅದನ್ನು ಮಾತ್ರ ಮರೆಯಬೇಡಿ. ಬಣ್ಣ ಬಳಿದ ಪಾತ್ರೆ ಮತ್ತೆ ಒಲೆ ಹತ್ತಬಾರದು, ಅದರಲ್ಲಿ ಯಾರೂ ತಿನ್ನಬಾರದು. ನಮಗೆ ಗೊತ್ತಿರುತ್ತದೆ. ನಾಳೆ ಮನೆಗೆ ಬರುವವರಿಗೆ, ಕೆಲಸಕ್ಕೆ ಬರುವ ಅಕ್ಕನಿಗೆ ಗೊತ್ತಿರಬೇಕಲ್ಲ? ಪ್ರತಿ ಪಾತ್ರೆಯ ಹಿಂಭಾಗದಲ್ಲಿ, ಗೋಡೆಗೆ ತಾಗುವ ಕಡೆ, ದಪ್ಪ ಅಕ್ಷರದಲ್ಲಿ "ಅಡುಗೆಗಲ್ಲ" ಅಂತ ಬರೆದಿದ್ದೇನೆ. ಅದರ ಕೆಳಗೆ ಪಾತ್ರೆ ಯಾರದು, ಅದರಲ್ಲಿ ಏನು ಮಾಡುತ್ತಿದ್ದರು ಅಂತ ಒಂದು ಸಾಲು. ದೊಡ್ಡ ಬೋಗುಣಿಯ ಹಿಂದೆ ಬರೆಯಲು ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಅಮ್ಮ ಬರೆಸಿದರು: "ಅಜ್ಜಿ ಇದರಲ್ಲಿ ಹಬ್ಬಕ್ಕೆ ಪಾಯಸ ಮಾಡ್ತಿದ್ರು. ಹದಿನೆಂಟು ಜನಕ್ಕೆ ಆಗ್ತಿತ್ತು."